ಹಳೇ ಒಲೆಯ ಗೂಡಿನಲ್ಲಿ ಗ್ಯಾಸ್ ಕೂರಿಸಿದ್ದು

ಶಿವನಿ ಎಂಬ ಊರಿನ ಆ ಅಡುಗೆಮನೆಯನ್ನು ನೋಡಿದ ಕೂಡಲೇ ನನ್ನ ಬಾಯಿಂದ ಬಂದ ಮಾತು "ಇಲ್ಲಿ ಆಗಲ್ಲ" ಎಂಬುದು. ಬಾಗಿಲಲ್ಲೇ ನಿಂತಿದ್ದೆ. ಟೂಲ್ ಬ್ಯಾಗನ್ನು ಹೆಗಲಿಂದ ಇಳಿಸಿಯೂ ಇರಲಿಲ್ಲ.

ಒಲೆ ಇದ್ದದ್ದು ಗೋಡೆಯೊಳಗಿನ ದೊಡ್ಡ ಗೂಡೊಂದರಲ್ಲಿ. ದಪ್ಪ ಗೋಡೆಯಲ್ಲಿ ಕಮಾನು ಬಿಟ್ಟು, ಅದರ ನೆಲದ ಮೇಲೆ ಮಣ್ಣಿನ ಜೋಡಿ ಒಲೆ ಹಾಕಿದ್ದರು. ಹೊಗೆ ಹೋಗಲು ಮೇಲೆ ಇಟ್ಟಿಗೆಯ ಹೊಗೆಗೂಡು ಹೆಂಚುಗಳನ್ನು ದಾಟಿ ಹೊರಗೆ ಹೋಗಿತ್ತು. ಒಲೆಯ ಬಾಯಿಯ ಮುಂದೆ, ಬೂದಿ ಎಳೆದು ಹಾಕಲು ನೆಲದಲ್ಲೇ ಒಂದು ಗುಂಡಿ. ಗುಂಡಿಯ ಪಕ್ಕದ ಮಣೆಯ ಮೇಲೆ ಒಬ್ಬ ಹೆಂಗಸು ಕೂತು ರಾಗಿ ರೊಟ್ಟಿ ತಟ್ಟುತ್ತಿದ್ದರು.

"ಯಾಕವ್ವಾ ಆಗಲ್ಲ?" ಎಂದು ಅವರು ತಿರುಗಿದರು. ಮುಖ ನನ್ನ ಕಡೆಗಿತ್ತು, ನೋಟ ಮಾತ್ರ ನನ್ನ ಭುಜದ ಪಕ್ಕ ಎಲ್ಲೋ ಹಾದುಹೋಯಿತು. ಅವರಿಗೆ ಕಣ್ಣು ಕಾಣುವುದಿಲ್ಲ ಎಂದು ನನಗೆ ತಿಳಿದದ್ದು ಆಗಲೇ. ಅವರ ಯಜಮಾನರು ಅಜ್ಜಂಪುರದ ನಮ್ಮ ಗ್ಯಾಸ್ ಏಜೆನ್ಸಿಗೆ ಬಂದು, "ಹೆಣ್ಣು ಮೆಕ್ಯಾನಿಕ್ ಇದಾರಂತಲ್ಲ, ಅವರನ್ನೇ ಕಳಿಸಿ, ಒಲೆ ಜಾಗದಾಗೆ ಸ್ಟೌ ಕೂರಿಸ್ಬೇಕು" ಎಂದು ಹೇಳಿ ಹೋಗಿದ್ದರು. ಇದೊಂದನ್ನು ಹೇಳಿರಲಿಲ್ಲ.

ನಾನು ಅವರ ಪಕ್ಕ ಕೂತು ವಿವರಿಸಿದೆ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಸ್ಟೌ ಅದಕ್ಕಿಂತ ಎತ್ತರದಲ್ಲಿರಬೇಕು. ಅದಕ್ಕೇ ಎಲ್ಲರ ಮನೆಯಲ್ಲೂ ಕಲ್ಲಿನ ಕಟ್ಟೆ ಹಾಕಿ, ನಿಂತು ಅಡುಗೆ ಮಾಡುವುದು. ಹೊಗೆ ಮೇಲಕ್ಕೆ ಏರುತ್ತದೆ, ಆದರೆ ಈ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಇಲ್ಲಿ ಎಲ್ಲಕ್ಕಿಂತ ತಗ್ಗು ಎಂದರೆ ಬೂದಿ ಗುಂಡಿ. ಅದರ ಪಕ್ಕದಲ್ಲೇ ನೀವು ಕೂತಿರುತ್ತೀರಿ.

"ನಿಂತ್ಕೊಂಡು ಮಾಡಕ್ಕೆ ನಂಗಾಗಲ್ಲ ಕಣವ್ವ," ಎಂದರು ಅಮ್ಮ. "ಕಾಲು ನೋವು ಅಂತಲ್ಲ. ಕೂತ್ರೆ ನಂಗೆ ಎಲ್ಲಾ ಗೊತ್ತಾಗುತ್ತೆ. ಮೊಣಕಾಲು ಇಲ್ಲಿ ತಾಗಿದ್ರೆ ಒಲೆ ಅಷ್ಟು ದೂರ. ಬಲಗೈ ಚಾಚಿದ್ರೆ ಉಪ್ಪು, ಎಡಗೈಗೆ ನೀರು. ನಿಂತ್ಕೊಂಡ್ರೆ ನಾನೆಲ್ಲಿದೀನಿ ಅಂತಾನೇ ತಿಳಿಯಲ್ಲ."

ಹೇಳುತ್ತಲೇ ರೊಟ್ಟಿಯ ಅಂಚನ್ನು ಬೆರಳಿನಲ್ಲಿ ಎತ್ತಿ, ಮಗುಚಿ ಹಾಕಿದರು. ನೋಡಿ ಮಾಡುವವರು ಕೂಡ ಅಷ್ಟು ನಾಜೂಕಾಗಿ ಮಾಡುವುದಿಲ್ಲ.

ಯಜಮಾನರು ನನ್ನನ್ನು ಹೊರಗೆ ಕರೆದರು. ಅವರು ರೈಲ್ವೆಯಲ್ಲಿ ಕೀಮನ್. ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿದು ಹಳಿಯ ಮೇಲೆ ನಡೆದು, ಸಡಿಲವಾದ ಕೀಲಿಗಳನ್ನು ಬಡಿದು ಕೂರಿಸುತ್ತಾ ಹೋಗುವ ಕೆಲಸ. ಮದುವೆಯಾಗಿ ಸ್ವಲ್ಪ ಕಾಲಕ್ಕೆ ಹೆಂಡತಿಗೆ ಕಣ್ಣಿನ ಒತ್ತಡದ ಕಾಯಿಲೆ ಬಂತಂತೆ. ಶಿವಮೊಗ್ಗ, ಬೆಂಗಳೂರು ಎಂದು ಅಲೆದರೂ ದೃಷ್ಟಿ ನಿಲ್ಲಲಿಲ್ಲ.

"ಮೊನ್ನೆ ಸೆರಗಿಗೆ ಕಿಡಿ ಹಾರಿ ಹತ್ಕೊಂಡಿದೆ. ಇವಳಿಗೆ ಬಿಸಿ ತಾಗಿದ ಮೇಲೇನೇ ಗೊತ್ತಾಗಿದ್ದು. ಪುಣ್ಯಕ್ಕೆ ಪಕ್ಕದಾಗೇ ನೀರಿತ್ತು," ಎಂದರು. "ನಾನು ಲೈನಿಗೆ ಹೋದ್ರೆ ಬರೋದು ಮಧ್ಯಾಹ್ನ. ಅಡುಗೆ ಬಿಡು, ನಾನೇ ಬೇಯಿಸಿಟ್ಟು ಹೋಯ್ತೀನಿ ಅಂದೆ. ಎರಡು ದಿನ ಮಾತಾಡ್ಲಿಲ್ಲ."

"ನೀವೇನು ಅಂತೀರಿ?" ಎಂದೆ.

"ನಂಗೇನೋ ಅವಳು ಒಲೆ ಹತ್ರಾನೇ ಹೋಗ್ಬಾರ್ದು ಅಂತಿದೆ. ಆದ್ರೆ ಅವಳ ಕೈಯಿಂದ ಅದನ್ನೂ ಕಿತ್ಕೊಂಡ್ರೆ ಇನ್ನೇನ್ ಉಳೀತು ಹೇಳಮ್ಮ?"

ಅವರು ಮಾತಾಡುತ್ತಿದ್ದಾಗ ನಾವು ಮನೆಯ ಹಿಂಬದಿಯ ಗೋಡೆಯ ಹತ್ತಿರ ನಿಂತಿದ್ದೆವು. ನಾನು ಗೋಡೆಯನ್ನೇ ನೋಡುತ್ತಿದ್ದೆ. ಹಳೇ ಕಾಲದ ಮನೆ. ಕಲ್ಲಿನ ತಳಪಾಯವನ್ನು ಬಹಳ ಎತ್ತರಕ್ಕೆ ಕಟ್ಟಿದ್ದರು. ಒಳಗಿನ ನೆಲ ನನ್ನ ಸೊಂಟದ ಮಟ್ಟಕ್ಕಿತ್ತು. ಟೇಪ್ ತೆಗೆದು ಅಳೆದೆ. ಸಿಲಿಂಡರನ್ನು ಹೊರಗೆ, ಅಂಗಳದ ನೆಲದ ಮೇಲೆ ನಿಲ್ಲಿಸಿದರೆ ಅದರ ತಲೆ ಒಳಗಿನ ನೆಲಕ್ಕಿಂತ ಕೆಳಗೇ ಉಳಿಯುತ್ತಿತ್ತು. ಅಂದರೆ ಅಮ್ಮ ನೆಲದ ಮೇಲೆ ಕೂತು ಅಡುಗೆ ಮಾಡಿದರೂ ಸ್ಟೌ ಸಿಲಿಂಡರಿಗಿಂತ ಮೇಲೇ ಇರುತ್ತದೆ.

ಇದನ್ನು ಒಬ್ಬಳೇ ತೀರ್ಮಾನಿಸುವಂತಿರಲಿಲ್ಲ. ಏಜೆನ್ಸಿಯ ಮ್ಯಾನೇಜರಿಗೆ ಹೇಳಿದೆ. ಅವರು ಫೋನಿನಲ್ಲಿ ಏನೂ ಒಪ್ಪದೆ, ಮಾರನೆಯ ದಿನ ತಾವೇ ಬಂದು ಮನೆಯನ್ನು ಒಂದು ಸುತ್ತು ಹಾಕಿ ಷರತ್ತುಗಳನ್ನು ಹೇಳಿದರು. ಸಿಲಿಂಡರ್ ಚರಂಡಿಯಿಂದ ದೂರ ಇರಬೇಕು, ಸೋರಿದ ಗ್ಯಾಸು ಚರಂಡಿ ಹಿಡಿದು ಹರಿಯುತ್ತದೆ. ಕಿಟಕಿಯ ಕೆಳಗೆ ಇರಬಾರದು. ಬಚ್ಚಲಿನ ನೀರೊಲೆಯ ಬಾಯಿ ಆ ಕಡೆಗೆ ಇರಬಾರದು. ಬಿಸಿಲು ಬೀಳದಂತೆ ತಗಡು, ಗಾಳಿ ಆಡುವಂತೆ ಗ್ರಿಲ್ಲಿನ ಗೂಡು, ಅದಕ್ಕೆ ಬೀಗ. ಒಳಗೆ ತಾಮ್ರದ ಪೈಪು ಮಾತ್ರ ಬರಬೇಕು, ಕೂತಲ್ಲಿಂದ ಕೈಗೆ ಸಿಗುವಂತೆ ಬಂದ್ ಮಾಡುವ ವಾಲ್ವ್ ಇರಬೇಕು. ಯಜಮಾನರು ಯಾರಿಂದಲೋ ತಂದಿಟ್ಟಿದ್ದ ಹಳೇ ಸ್ಟೌ ಬೇಡ. ಉರಿ ಆರಿದರೆ ತಾನಾಗಿ ಗ್ಯಾಸ್ ನಿಲ್ಲಿಸುವ ಸ್ಟೌ ಬರುತ್ತದೆ, ಅದನ್ನೇ ಕಡೂರಿನಿಂದ ತರಿಸಬೇಕು.

"ಇಷ್ಟೂ ಆದ್ರೆ ಮಾಡಿ," ಎಂದರು ಮ್ಯಾನೇಜರ್. "ಒಂದು ಬಿಟ್ರೂ ಬೇಡ."

ಕೆಲಸ ಶುರುವಾಗುವ ದಿನ ಗಾರೆಯವನು ಗುದ್ದಲಿ ಹಿಡಿದು ಬಂದ. ಹಳೇ ಒಲೆಯನ್ನು ಒಡೆಯಬೇಕಿತ್ತು. ಅಮ್ಮ ಅವನನ್ನು ತಡೆದರು. ಒಲೆಯ ಮೇಲೆ ಪಾತ್ರೆ ಕೂರುವ ಗುಬ್ಬಗಳಿಗೆಲ್ಲ ವಿಭೂತಿ ಹಚ್ಚಿ, ಕೈಮುಗಿದು, ತಾವೇ ಕೆರೆದು ಕೆರೆದು ಬಿಡಿಸತೊಡಗಿದರು. ಆ ಮಣ್ಣನ್ನು ಮೆತ್ತಿದ್ದು ಅವರೇ. ಪ್ರತಿ ಹಬ್ಬಕ್ಕೂ ಸಾರಿಸಿ ಸಾರಿಸಿ ದಪ್ಪವಾಗಿತ್ತು. ನಾನೂ ಪಕ್ಕದಲ್ಲಿ ಕೂತು ಹೆಂಟೆಗಳನ್ನು ಬುಟ್ಟಿಗೆ ತುಂಬಿದೆ. ಯಜಮಾನರು ಅದನ್ನು ಹೊತ್ತು ಹೋಗಿ ಹಿತ್ತಲಿನ ತೆಂಗಿನ ಬುಡಕ್ಕೆ ಹಾಕಿದರು.

ಬೂದಿ ಗುಂಡಿಯನ್ನು ಜಲ್ಲಿ, ಸಿಮೆಂಟು ತುಂಬಿ ನೆಲಕ್ಕೆ ಸಮ ಮಾಡಿಸಿದೆ. ಯಜಮಾನರು ಹೊಗೆಗೂಡನ್ನೂ ಮುಚ್ಚಿಸೋಣ ಎಂದರು. ಬೇಡ ಎಂದೆ. ಗ್ಯಾಸ್ ಒಲೆಗೆ ಹೊಗೆ ಇಲ್ಲದಿದ್ದರೂ ಬಿಸಿಗಾಳಿ ಹೊರಗೆ ಹೋಗಲೇಬೇಕು. ಮಸಿ ಕೆರೆಸಿ, ಮೇಲೆ ಬಲೆ ಹಾಕಿಸಿ, ಹಾಗೇ ಬಿಟ್ಟೆವು. ಆದರೆ ಸೋರಿದ ಗ್ಯಾಸು ಆ ದಾರಿಯಲ್ಲಿ ಹೋಗುವುದಿಲ್ಲ, ಅದಕ್ಕೆ ಕೆಳಗಿನ ದಾರಿ ಬೇಕು. ಸಿಲಿಂಡರ್ ಇಲ್ಲದ ಕಡೆಯ ಗೋಡೆಯಲ್ಲಿ, ನೆಲಕ್ಕೆ ತಾಗಿದಂತೆ ಒಂದು ಕಂಡಿ ಕೊರೆಸಿ ಜಾಲರಿ ಕೂರಿಸಿದೆವು.

ಆಮೇಲೆ ಗೂಡಿನಲ್ಲಿ ಕಡಪದ ಕಲ್ಲು ಕೂರಿಸಿದ್ದು. ಮೊದಲ ಸಲ ತಪ್ಪಾಯಿತು. ಅಳತೆಗೆಂದು ಆ ಹಳೇ ಸ್ಟೌವನ್ನೇ ಇಟ್ಟು ಅಮ್ಮನನ್ನು ಕೂರಿಸಿದರೆ, ಅವರು ಹಂಚಿನ ಮೇಲೆ ಕೈ ಆಡಿಸಿ ತಲೆ ಅಲ್ಲಾಡಿಸಿದರು.

"ಹೆಗಲು ಎತ್ತಬೇಕಾಗುತ್ತೆ ಕಣವ್ವ. ಹಿಂಗೆ ಎತ್ಕೊಂಡು ರೊಟ್ಟಿ ತಿರುವಿದ್ರೆ ಮುಂಗೈ ಹಂಚಿಗೆ ತಾಗುತ್ತೆ."

"ಹಳೇ ಒಲೆ ಎಷ್ಟು ಎತ್ತರ ಇತ್ತಮ್ಮ?"

ಅವರು ನೆಲದಿಂದ ಗೇಣು ಹಾಕಿ, ಅದರ ಮೇಲೆ ನಾಲ್ಕು ಬೆರಳಿಟ್ಟು ತೋರಿಸಿದರು. ಕಲ್ಲು ತೆಗೆಸಿ ಮತ್ತೆ ಕೆಳಗೆ ಕೂರಿಸಿದೆವು. ಗಾರೆಯವನು ಗೊಣಗಿದ, ಆದರೆ ಎರಡನೇ ಸಲ ಅಮ್ಮ ಕೈ ಚಾಚಿದಾಗ ಮೊಣಕೈ ಪಕ್ಕೆಗೆ ತಾಗಿಕೊಂಡೇ ಇದ್ದದ್ದನ್ನು ಕಂಡು ಅವನೂ ಸುಮ್ಮನಾದ.

ಪೈಪಿನ ಕೆಲಸ ನನ್ನದು. ಗೋಡೆಯಲ್ಲಿ ತೂತು ಕೊರೆದು, ಅದರೊಳಗೆ ದಪ್ಪ ಕೊಳವೆಯೊಂದನ್ನು ಹಾಕಿ, ಅದರ ಮೂಲಕ ತಾಮ್ರದ ಪೈಪನ್ನು ಒಳಗೆ ತಂದೆ. ತಾಮ್ರ ನೇರವಾಗಿ ಗಾರೆಗೆ ತಾಗಿದರೆ ಗಾರೆ ಅದನ್ನು ಕ್ರಮೇಣ ತಿನ್ನುತ್ತದೆ. ಒಳಗೆ ಹಿತ್ತಾಳೆಯ ವಾಲ್ವ್, ವಾಲ್ವಿನಿಂದ ಸ್ಟೌವಿಗೆ ಮೋಟು ರಬ್ಬರ್ ಪೈಪು. ಗ್ಯಾಸ್ ಬಿಡುವ ಮೊದಲು ಗಾಳಿ ತುಂಬಿ ನೋಡಬೇಕು. ಪಂಪಿನಲ್ಲಿ ಗಾಳಿ ಹೊಡೆದು, ಎಲ್ಲ ಬಾಯಿಗಳನ್ನೂ ಬಂದ್ ಮಾಡಿ ಗೇಜ್ ನೋಡುತ್ತಾ ಕೂತೆ. ಮುಳ್ಳು ನಿಲ್ಲಲಿಲ್ಲ. ಬಹಳ ನಿಧಾನವಾಗಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಯುತ್ತಿತ್ತು.

ಹೊರಗಿನ, ಒಳಗಿನ ಜಾಯಿಂಟುಗಳಿಗೆಲ್ಲ ಸೋಪು ನೀರು ಹಚ್ಚಿದೆ. ಗುಳ್ಳೆ ಏಳಲಿಲ್ಲ. ಮತ್ತೆ ಗಾಳಿ ಹೊಡೆದೆ, ಮತ್ತೆ ಇಳಿಯಿತು. ಬೆವರು ಒರೆಸಿಕೊಳ್ಳುತ್ತಾ ಗೋಡೆಗೆ ಒರಗಿ ಕೂತೆ. ಅಮ್ಮ ಮಣೆಯ ಮೇಲೆ ಅಲುಗಾಡದೆ ಕೂತಿದ್ದರು.

"ಮಾತಾಡ್ಬೇಡ ಸ್ವಲ್ಪ," ಎಂದರು, ನಾನೇನೂ ಮಾತಾಡದಿದ್ದರೂ. ಆಮೇಲೆ ಮುಂದಕ್ಕೆ ಬಗ್ಗಿ ಕಿವಿ ಕೊಟ್ಟರು. "ಇಲ್ಲಿ. ಈ ಹಿತ್ತಾಳೆ ಐತಲ್ಲ, ಅದರ ಹಿಂದ್ಗಡೆ. ಉಸ್ ಅಂತೈತೆ."

ವಾಲ್ವಿನ ಹಿಂಬದಿಗೆ ಸೋಪು ಹಚ್ಚಿದ್ದೆ. ಆದರೆ ಗೋಡೆಯ ಕಡೆಯ ಮಗ್ಗುಲಿಗೆ ನೀರು ಸರಿಯಾಗಿ ತಲುಪಿರಲಿಲ್ಲ. ಬ್ರಶ್ಶನ್ನು ಬಗ್ಗಿಸಿ ಅಲ್ಲಿಗೆ ಹಚ್ಚಿದ ಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ನಟ್ಟು ಬಿಚ್ಚಿದೆ. ಪೈಪಿನ ಬಾಯಿಯನ್ನು ಅಗಲಿಸುವಾಗ ಅಂಚಿನಲ್ಲಿ ಗೀರು ಬಿದ್ದಿತ್ತು. ಆ ತುದಿಯನ್ನು ಕತ್ತರಿಸಿ ಹಾಕಿ, ಹೊಸದಾಗಿ ಬಾಯಿ ಅಗಲಿಸಿ, ಮತ್ತೆ ಬಿಗಿದೆ. ಈ ಸಲ ಊಟ ಮಾಡಿ ಬಂದು ನೋಡಿದರೂ ಮುಳ್ಳು ಇಟ್ಟಲ್ಲೇ ಇತ್ತು.

ಸ್ಟೌ ಕಡೂರಿನಿಂದ ಬಂತು. ಸ್ಟೌ ತಿರುಗಿಸುವ ಗುಂಡಿ ಬಂದ್ ಆಗಿದೆಯೇ ಇಲ್ಲವೇ ಎಂದು ಬೆರಳಿಗೆ ತಿಳಿಯಲು, ಪ್ರತಿ ಗುಂಡಿಯ ಮೇಲೆ ಗಟ್ಟಿ ಅಂಟಿನ ಒಂದು ಬೊಟ್ಟು ಇಟ್ಟು ಒಣಗಿಸಿದೆ. ಬೊಟ್ಟು ಮೇಲಿದ್ದರೆ ಬಂದ್. ಹೊತ್ತಿಸುವಾಗ ಗುಂಡಿಯನ್ನು ಒತ್ತಿ ತಿರುಗಿಸಿ ಸ್ವಲ್ಪ ಹೊತ್ತು ಹಿಡಿದಿರಬೇಕು. ಉರಿಯ ಪಕ್ಕದ ಕಂಬಿ ಬಿಸಿಯಾದ ಮೇಲೆಯೇ ಅದು ಗ್ಯಾಸನ್ನು ಹಿಡಿದುಕೊಳ್ಳುವುದು.

"ಎಷ್ಟೊತ್ತು ಹಿಡೀಬೇಕು?"

"ನಮಃ ಶಿವಾಯ ಅಂತ ನಿಧಾನಕ್ಕೆ ಎರಡು ಸಲ ಅಂದ್ಕೊಳ್ಳಿ, ಆಮೇಲೆ ಬಿಡಿ."

"ಹಂಗಾದ್ರೆ ದಿನಕ್ಕೆ ಎಷ್ಟೋ ಸಲ ಶಿವನ ಹೆಸರು ಹೇಳಿದಂಗಾಯ್ತು," ಎಂದು ನಕ್ಕರು.

ಸ್ಟೌ ಒಪ್ಪಿಸುವ ದಿನ ಭಾನುವಾರ. ಯಜಮಾನರಿಗೆ ರಜೆ. ಮೊದಲಿಗೆ ಹಾಲು ಕಾಯಿಸಬೇಕು ಎಂದರು ಅಮ್ಮ. ಸ್ಟೌವಿಗೆ ವಿಭೂತಿ, ಹೂ. ಅವರೇ ಗುಂಡಿ ಒತ್ತಿ, ತುಟಿ ಅಲ್ಲಾಡಿಸಿ, ಬಿಟ್ಟರು. ಉರಿ ನಿಂತಿತು. ಅವರು ಅಂಗೈಯನ್ನು ದೂರದಿಂದ ಹಿಡಿದು ಬಿಸಿ ನೋಡಿದರು. ಯಜಮಾನರು ಬಾಗಿಲಿಗೆ ಒರಗಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಅವರ ಹಳೇ ಒಲೆಯ ಉರಿಗೂ ಗ್ಯಾಸಿನ ಉರಿಗೂ ವ್ಯತ್ಯಾಸವಿದೆಯಲ್ಲ, ಹಾಲು ತಳ ಹಿಡಿಯಿತು. ನಾನು ಹೊರಗೆ ಸಿಲಿಂಡರಿನ ಹತ್ತಿರ ಇದ್ದೆ. ಒಳಗೆ ಬರುವಾಗಲೇ ಸೀದ ವಾಸನೆ ನಡುಮನೆಯವರೆಗೂ ಇತ್ತು. ಅಮ್ಮ ನಗುನಗುತ್ತಾ ಅದೇ ಹಾಲಿನಲ್ಲಿ ಕಾಫಿ ಬೆರೆಸಿ ಲೋಟಗಳನ್ನು ಕೊಟ್ಟರು.

"ಹೆಂಗೈತೆ?"

"ಚೆನ್ನಾಗೈತೆ," ಎಂದರು ಯಜಮಾನರು, ಒಂದೇ ಗುಟುಕಿಗೆ ಕುಡಿದು. ಹೊಸ ಒಲೆಯ ಮೊದಲ ಕಾಫಿ, ಹೆಂಡತಿಯ ಮನಸ್ಸು ನೋಯಿಸಬಾರದು ಎಂದು ಹಾಗೆ ಹೇಳಿದರು ಅನ್ನಿಸಿತು. ಆದರೆ ಅಮ್ಮ ತಾವೂ ಕುಡಿಯುತ್ತಿದ್ದರು, ಮುಖದಲ್ಲಿ ಏನೂ ಬದಲಾಗಲಿಲ್ಲ. ಹಾಲು ಸೀದಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಯಜಮಾನರು ಅಂಗಳಕ್ಕೆ ಹೋದ ಮೇಲೆ ನಾನು ಗೂಡಿನಲ್ಲಿದ್ದ ಇಂಗಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಅವರ ಮುಖದ ಹತ್ತಿರ ಹಿಡಿದೆ. ಅವರು ಲೋಟ ತೊಳೆಯುತ್ತಲೇ ಇದ್ದರು. ಆಮೇಲೆ ನನ್ನ ಉಸಿರು ಹತ್ತಿರವಾದದ್ದು ತಿಳಿದು ಕೈ ನಿಲ್ಲಿಸಿದರು.

"ಏನ್ ಹಿಡ್ಕೊಂಡಿದೀಯವ್ವ?"

"ಇಂಗು, ಅಮ್ಮ."

ಅವರು ಲೋಟವನ್ನು ಬೋರಲು ಹಾಕಿ ಸೆರಗಿಗೆ ಕೈ ಒರೆಸಿಕೊಂಡರು. "ಕೊರೊನಾ ಜ್ವರ ಬಂದಿತ್ತಲ್ಲ, ಆಗ ವಾಸನೆ ಹೋಯ್ತು," ಎಂದರು. "ಎಲ್ಲರಿಗೂ ವಾಪಸ್ ಬಂತು, ನಂಗೆ ಬರ್ಲಿಲ್ಲ. ಒಗ್ಗರಣೆ ಚಟಪಟ ಅನ್ನೋದ್ರಲ್ಲೇ ತಿಳ್ಕೊತೀನಿ. ಅವರಿಗೆ ಹೇಳಿಲ್ಲ. ಹೇಳಿದ್ರೆ ಅಡುಗೆಮನೆ ಬಾಗಿಲಿಗೇ ಬೀಗ ಹಾಕ್ತಾರೆ."

ನಾನು ಡಬ್ಬಿಯ ಮುಚ್ಚಳ ಹಾಕಿ ಗೂಡಿನಲ್ಲಿಟ್ಟೆ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಜನಕ್ಕೆ ತಿಳಿಯಲಿ ಎಂದೇ ಅದಕ್ಕೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ನಾವು ಮಾಡಿದ್ದ ಎಲ್ಲ ಏರ್ಪಾಡುಗಳ ಕೆಳಗೆ ಇದ್ದ ಕೊನೆಯ ಆಧಾರ ಅದೊಂದೇ, ಕಣ್ಣು ಇಲ್ಲದಿದ್ದರೂ ಮೂಗು ಇದೆ ಎಂಬುದು. ಈಗ ಅದೂ ಇರಲಿಲ್ಲ.

"ಅಮ್ಮ, ನಾನು ಇವತ್ತು ಸ್ಟೌ ಒಪ್ಪಿಸಕ್ಕಾಗಲ್ಲ," ಎಂದೆ.

"ಹೇಳ್ಬೇಡ ಅವರಿಗೆ."

"ನಾನು ಹೇಳಲ್ಲ. ನೀವು ಹೇಳ್ಬೇಕು. ನೀವು ಹೇಳೋವರೆಗೂ ರೆಗ್ಯುಲೇಟರ್ ನನ್ನ ಹತ್ರ ಇರುತ್ತೆ."

ಹೊರಗೆ ಹೋಗಿ ಸಿಲಿಂಡರ್ ಬಂದ್ ಮಾಡಿ, ರೆಗ್ಯುಲೇಟರ್ ಕಳಚಿ, ಸಿಲಿಂಡರಿನ ಬಾಯಿಗೆ ಮುಚ್ಚಳ ಹಾಕಿ ಸೀಲ್ ಮಾಡಿದೆ. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಆ ಸದ್ದುಗಳನ್ನೆಲ್ಲ ಕೇಳಿಸಿಕೊಂಡರು. "ಆ ಮಣ್ಣೊಲೇನಾದ್ರೂ ಇದ್ದಿದ್ರೆ," ಎಂದಷ್ಟೇ ಹೇಳಿ ಒಳಗೆ ಹೋದರು. ಯಜಮಾನರು ಏನಾಯಿತೆಂದು ಕೇಳಿದರು. ಕೆಲಸ ಇನ್ನೂ ಸ್ವಲ್ಪ ಬಾಕಿ ಇದೆ ಎಂದು ಹೇಳಿ ಗಾಡಿ ಹತ್ತಿದೆ. ಅಜ್ಜಂಪುರದವರೆಗೂ ಆ ರೆಗ್ಯುಲೇಟರ್ ನನ್ನ ಬ್ಯಾಗಿನಲ್ಲಿ ಭಾರವಾಗಿಯೇ ಇತ್ತು.

ಎರಡು ದಿನ ಕಳೆದು ಯಜಮಾನರು ಏಜೆನ್ಸಿಗೆ ಬಂದರು. ಡ್ಯೂಟಿಯ ಬಟ್ಟೆಯಲ್ಲೇ ಇದ್ದರು. ಕೌಂಟರಿನ ಹತ್ತಿರ ನಿಲ್ಲದೆ ಒಳಗೆ ಬಂದು ನನ್ನ ಮುಂದೆ ಕೂತರು.

"ಹೇಳಿದ್ಲು," ಎಂದರು. ಕೈಯಲ್ಲಿದ್ದ ಟೋಪಿಯನ್ನು ಮೇಜಿನ ಮೇಲಿಟ್ಟರು. "ನಾನು ದಿನಾ ಸ್ಟೇಶನ್ ಹತ್ರದಿಂದ ಮಲ್ಲಿಗೆ ತಗೊಂಡ್ ಹೋಗೋನು. ಕಣ್ಣಿಗೆ ಕಾಣಲ್ಲ, ವಾಸನೆ ಆದ್ರೂ ಸಿಗ್ಲಿ ಅಂತ. ಅವಳು ಮೂಗಿನ ಹತ್ರ ಹಿಡ್ಕೊಂಡು, ಎಷ್ಟ್ ಚೆನ್ನಾಗೈತೆ ಕಣ್ರೀ ಅನ್ನೋಳು. ಇಷ್ಟು ವರ್ಷ ಹಂಗೇ ಅಂದಿದಾಳಲ್ಲಮ್ಮ."

ನಾನು ನೀರು ತಂದುಕೊಟ್ಟೆ.

"ಸಿಲಿಂಡರ್ ವಾಪಸ್ ತಗೊಂಡ್ಬಿಡಿ ಅಂತ ಹೇಳಕ್ಕೆ ಬಂದೆ," ಎಂದರು. "ಬಸ್ಸಿನಾಗೆ ಬತ್ತಾ ಯೋಚ್ನೆ ಮಾಡ್ದೆ. ಅವಳು ಬಾಯ್ಬಿಟ್ಟು ಹೇಳಿದ್ದಾಳೆ. ಹೇಳಿದ್ದಕ್ಕೆ ಶಿಕ್ಷೆ ಕೊಟ್ಟಂಗೆ ಆಗ್ಬಾರ್ದು. ಬೇರೆ ಏನಾದ್ರೂ ದಾರಿ ಐತಾ?"

ಮ್ಯಾನೇಜರ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರಿಗೆ ಹೈವೇ ಹೋಟೆಲುಗಳ ಅನುಭವವಿತ್ತು. ಕಡೂರು, ತರೀಕೆರೆಯ ದೊಡ್ಡ ಹೋಟೆಲುಗಳ ಅಡುಗೆಮನೆಗೆ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಹಾಕಿಸುತ್ತಾರೆ. ಅದು ಬರೀ ಕೂಗುವುದಷ್ಟೇ ಅಲ್ಲ, ಹೊರಗಿನ ವಾಲ್ವ್ ಒಂದನ್ನು ತಾನೇ ಬಂದ್ ಮಾಡುತ್ತದೆ. ಅದನ್ನು ಮನೆಗೂ ಹಾಕಬಹುದು.

"ಆದ್ರೆ ಕರೆಂಟ್ ಇದ್ದಾಗ ಮಾತ್ರ ತೆರೆದಿರೋ ವಾಲ್ವ್ ಬೇಡ," ಎಂದೆ ನಾನು. "ಶಿವನೀಲಿ ಕರೆಂಟ್ ಹೋದಾಗೆಲ್ಲ ಅರ್ಧ ಅಡುಗೇಲಿ ಒಲೆ ಆರುತ್ತೆ. ಬೇಜಾರಾಗಿ ಯಾರಾದ್ರೂ ಅದನ್ನ ತೆಗೆದೇ ಹಾಕ್ತಾರೆ."

"ಒಂದ್ಸಲ ಬಿದ್ದು ಬಂದ್ ಆದ್ರೆ ಕೈಯಲ್ಲೇ ಎತ್ಬೇಕು, ಅಂಥದ್ದು ಬರುತ್ತೆ," ಎಂದರು ಮ್ಯಾನೇಜರ್. "ಅಲಾರಂ ಬ್ಯಾಟರೀಲೂ ನಡೆಯೋದು ಹಾಕಿ."

ಅದು ಬರುವವರೆಗೆ ಯಜಮಾನರು ಬೆಳಿಗ್ಗೆ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬರುತ್ತಿದ್ದರಂತೆ. ಅಮ್ಮ ತಿನ್ನುತ್ತಿದ್ದರಂತೆ, ಬೈಯದೆ.

ಅಲಾರಂ ಬಂತು. ಗೋಡೆಯ ಮೇಲೆ, ನೆಲದಿಂದ ಮೊಳದಷ್ಟು ಎತ್ತರದಲ್ಲಿ, ಸ್ಟೌವಿನ ಆವಿ ನೇರ ತಾಗದ ಕಡೆ ಕೂರಿಸಿದೆ. ವಾಲ್ವನ್ನು ಹೊರಗೆ, ಸಿಲಿಂಡರಿನ ಗೂಡಿನೊಳಗೆ ಪೈಪಿಗೆ ಜೋಡಿಸಿದೆ. ಮತ್ತೆ ಗಾಳಿ ಹೊಡೆದು, ಸೋಪು ಹಚ್ಚಿ ನೋಡಿದೆ. ಆಮೇಲೆ ರೆಗ್ಯುಲೇಟರ್ ಹಾಕಿ, ಸಿಗರೇಟು ಹಚ್ಚುವ ಲೈಟರ್ ಒಂದನ್ನು ಹೊತ್ತಿಸದೆ, ಬರೀ ಅದರ ಗ್ಯಾಸನ್ನು ಅಲಾರಮಿನ ಮುಂದೆ ಬಿಟ್ಟೆ. ಕಿವಿ ಕಿತ್ತುಹೋಗುವಂತೆ ಕೂಗಿಕೊಂಡಿತು. ಅದರ ಹಿಂದೆಯೇ ಹೊರಗೆ ವಾಲ್ವ್ ಬಿದ್ದ ಸದ್ದು.

"ಟಕ್ ಅಂತು," ಎಂದರು ಅಮ್ಮ. "ಅದೇನಾ?"

"ಅದೇ. ಆ ಸದ್ದು ಕೇಳಿದ್ರೆ ಗ್ಯಾಸ್ ನಿಂತಿದೆ ಅಂತ."

ಆಮೇಲೆ ಅಭ್ಯಾಸ. ಅಲಾರಂ ಕೂಗಿದರೆ ಕೂತಲ್ಲೇ ಹಿತ್ತಾಳೆಯ ವಾಲ್ವ್ ಅಡ್ಡ ತಿರುಗಿಸುವುದು. ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಬಾರದು.

"ಲೈಟಿನ ಸ್ವಿಚ್ಚು ನಂಗ್ಯಾಕವ್ವ ಬೇಕು!" ಎಂದು ಅವರು ಜೋರಾಗಿ ನಕ್ಕರು. ಯಜಮಾನರೂ ನಕ್ಕರು. ರೆಗ್ಯುಲೇಟರ್ ಕಿತ್ತುಕೊಂಡು ಹೋದ ಮೇಲೆ ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು.

ವಾಲ್ವ್ ತಿರುಗಿಸಿದ ಮೇಲೆ ಹಿತ್ತಲ ಬಾಗಿಲು ತೆರೆದು, ಮುಂಬಾಗಿಲಿಂದ ಹೊರಗೆ ಬಂದು ಜಗಲಿಯ ಮೇಲೆ ಕೂರುವುದು. ಅಲ್ಲಿಂದ ಎದುರು ಮನೆಯ ಹೆಂಗಸನ್ನು ಕರೆಯುವುದು, ಆಮೇಲೆ ನನಗೆ ಫೋನ್. ಅಮ್ಮ ಇದನ್ನು ಮತ್ತೆ ಮತ್ತೆ ಮಾಡಿದರು. ಹೊರಗೆ ಬಿದ್ದ ವಾಲ್ವನ್ನು ಮತ್ತೆ ಎತ್ತುವ ವಿಚಾರಕ್ಕೆ ಮಾತ್ರ ಒಂದು ಮಾತು ಬಂತು. ಗ್ರಿಲ್ಲಿನ ಬೀಗದ ಕೈ ಯಜಮಾನರ ಹತ್ತಿರ ಇರಲಿ ಎಂದೆ ನಾನು. ಅಮ್ಮನ ಮುಖ ಬಾಡಿತು.

"ಬೀಗದ ಕೈ ಗೋಡೆ ಮೊಳೆಗೇ ಇರ್ಲಿ," ಎಂದರು ಯಜಮಾನರು. "ಅವಳೇ ತೆಗೆಯಲ್ಲ."

"ತೆಗೆಯಲ್ಲ," ಎಂದರು ಅಮ್ಮ. "ಮೂಗಿರೋರು ಬಂದು ನೋಡೋವರೆಗೂ ಮುಟ್ಟಲ್ಲ."

ಮಾತು ಅಷ್ಟಕ್ಕೇ ನಿಂತಿತು. ನಾನೂ ಒಪ್ಪಿಕೊಂಡೆ.

ಗೌರಿ ಹಬ್ಬದ ಹಿಂದಿನ ವಾರ ಅಮ್ಮನಿಂದ ಫೋನ್ ಬಂತು. ಮಾತು ಸ್ಪಷ್ಟವಾಗಿತ್ತು. "ಕೂಗ್ತು ಕಣವ್ವ. ಟಕ್ ಅಂತು. ನಾನು ಹೊರಗಿದೀನಿ."

"ಯಜಮಾನ್ರಿಗೆ ಫೋನ್ ಮಾಡ್ಲಾ?"

"ಬೇಡ ಬೇಡ. ಕೇಳಿದ್ರೆ ಹಳಿ ಮೇಲೇ ಓಡ್ಕೊಂಡ್ ಬತ್ತಾರೆ. ನೀನೇ ಬಾ."

ಗಾಡಿಯಲ್ಲಿ ಹೋಗುವಾಗ ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಪ್ರತಿ ನಟ್ಟನ್ನೂ ಬಿಚ್ಚಿ ಬಿಗಿಯುತ್ತಿದ್ದೆ. ಹೋಗಿ ನೋಡಿದರೆ ಅಮ್ಮ ಜಗಲಿಯ ಮೇಲೆ ಕೂತಿದ್ದರು. ಎರಡೂ ಕೈಗೆ ರಾಗಿ ಹಿಟ್ಟು ಮೆತ್ತಿ ಒಣಗಿತ್ತು. ಫೋನಿನ ಮೇಲೂ ಹಿಟ್ಟು. ಬಾಗಿಲುಗಳೆಲ್ಲ ತೆರೆದಿದ್ದವು. ಎದುರು ಮನೆಯ ಹೆಂಗಸು ಪಕ್ಕದಲ್ಲಿ ನಿಂತಿದ್ದರು. "ಮೊದ್ಲು ಇತ್ತು ವಾಸನೆ, ಈಗಿಲ್ಲ," ಎಂದರು.

ಒಳಗೆ ಹೋಗಿ ನೋಡಿದೆ. ಹಿತ್ತಾಳೆಯ ವಾಲ್ವ್ ಅಡ್ಡ ತಿರುಗಿತ್ತು. ಹಿಂದಿನ ದಿನ ಹಬ್ಬದ ಸಹಾಯಕ್ಕೆಂದು ಬಂದಿದ್ದ ಅಮ್ಮನ ನಾದಿನಿ ಗೂಡನ್ನು ತೊಳೆಯಲು ಸ್ಟೌವನ್ನು ಮುಂದಕ್ಕೆ ಎಳೆದಿದ್ದರಂತೆ. ರಬ್ಬರ್ ಪೈಪು ಜಗ್ಗಿ, ಸ್ಟೌವಿನ ಹಿಂದಿನ ಕ್ಲಿಪ್ಪು ಜಾರಿತ್ತು. ಪೈಪಿನ ಆ ತುದಿಯನ್ನು ಕತ್ತರಿಸಿ, ಹೊಸ ಕ್ಲಿಪ್ಪು ಹಾಕಿ ಬಿಗಿದು, ಹೊರಗೆ ಹೋಗಿ ಬೀಗ ತೆಗೆದು ವಾಲ್ವ್ ಎತ್ತಿದೆ. ಸೋಪು ಹಚ್ಚಿ ನೋಡಿದೆ. ಒಂದು ಗುಳ್ಳೆಯೂ ಇಲ್ಲ. ಇನ್ನೊಂದು ಸಲ ಹಚ್ಚಿದೆ.

"ಹೆದ್ರಿಕೆ ಆಯ್ತಾ ಅಮ್ಮ?"

"ಆಗ್ದೆ ಏನು? ಅಂಬೆಗಾಲಲ್ಲೇ ಬಾಗಿಲವರೆಗೂ ಬಂದೆ," ಎಂದು ಕೈ ತೊಳೆದು ಮಣೆಯ ಮೇಲೆ ಕೂತರು. ಒಲೆ ಹಚ್ಚಿ ಕೊಡಲು ನಾನು ಗುಂಡಿಗೆ ಕೈ ಹಾಕಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತಾವೇ ಹಚ್ಚಿದರು.

ಯಜಮಾನರು ಮಧ್ಯಾಹ್ನ ಬಂದಾಗ ನನ್ನ ಗಾಡಿ ಕಂಡು ಗಾಬರಿಯಾಗಿಯೇ ಒಳಗೆ ಬಂದರು. ಅಮ್ಮ ಅವರನ್ನು ಮೊದಲು ಊಟಕ್ಕೆ ಕೂರಿಸಿದರು. ನನಗೂ ತಟ್ಟೆ ಹಾಕಿದರು. ಬಿಸಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಯಜಮಾನರು ಒಂದು ರೊಟ್ಟಿ ಮುಗಿಸುವ ಹೊತ್ತಿಗೆ ಅಮ್ಮ ಎಲ್ಲವನ್ನೂ ಹೇಳಿದರು. ಯಜಮಾನರ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು. ಹೆಂಡತಿಯ ಮುಖ ನೋಡಿದರು, ಗೋಡೆಯ ಮೇಲಿನ ಅಲಾರಂ ನೋಡಿದರು, ನನ್ನನ್ನು ನೋಡಿದರು. ಈಗ ಬೇಡವೆನ್ನುತ್ತಾರೆ, ಇವತ್ತಿಗೇ ಇದೆಲ್ಲ ಮುಗಿಯಿತು ಎಂದುಕೊಂಡೆ. ಅಮ್ಮನೂ ಅದನ್ನೇ ಕಾಯುತ್ತಿದ್ದರು ಅನ್ನಿಸುತ್ತದೆ. ತಟ್ಟುತ್ತಿದ್ದ ಹಿಟ್ಟಿನ ಮೇಲೆ ಅವರ ಬೆರಳುಗಳು ಅಲುಗಾಡುತ್ತಿರಲಿಲ್ಲ.

ಯಜಮಾನರು ತಟ್ಟೆಯನ್ನು ಒಲೆಯ ಕಡೆಗೆ ಸರಿಸಿದರು.

"ಇನ್ನೊಂದು ಹಾಕೇ," ಎಂದರು. "ಇದು ಚೆನ್ನಾಗಿ ಬೆಂದೈತೆ."